ಕೊಂಬಿದ್ದರೆ ಏಳಕ್ಕೆ ಹೋಗಿ

'ಅನ್ನ ತಿಂತೀಯೋ, ಸಗಣಿ ತಿಂತೀಯೋ?'
ಮಗ್ಗಿ ತಪ್ಪಿದಾಗಲೆಲ್ಲ ರಿಪ್ಪನ್‌ಪೇಟೆಯ ಶಾಲೆಯಲ್ಲಿ
ಲೆಕ್ಕದ ಮೇಷ್ಟ್ರು ಕೇಳುತ್ತಿದ್ದರು.
ಈಗ ಉತ್ತರ ಸಿಕ್ಕಿದೆ:
ಆಂಥೊಫೇಗಸ್. ಗ್ರೀಕಿನಲ್ಲಿ ಅದೇ ಬೈಗುಳ,
ಇಲ್ಲಿ ಒಂದು ಕುಲದ ಹೆಸರು.
ಲೋಕದಲ್ಲಿ ಎರಡು ಸಾವಿರ ಮೀರಿದ ಪ್ರಭೇದ.
ನನ್ನ ಮೇಜಿನ ಮೇಲೆ, ಬೆಂಡಿಗೆ ಚುಚ್ಚಿದ್ದು,
ಸದ್ಯಕ್ಕೆ ನಲವತ್ತೊಂದು.
ಹುಳ, ಪ್ರಭೇದವಲ್ಲ.

ಸಕ್ರೆಬೈಲಿನ ಆನೆ ಬಿಡಾರ. ತುಂಗೆಯ ಹಿನ್ನೀರು
ಸರಿದು ಬಿಟ್ಟುಹೋದ ಕೆಸರಿನಂಚು.
ಕಸ್ತೂರಿ ಎಂಬ ಹೆಣ್ಣಾನೆ ಹಾಕಿದ ಲದ್ದಿ
ಇನ್ನೂ ಹಬೆಯಾಡುತ್ತಿರುವಾಗಲೇ
ಗಾಳಿಯಲ್ಲಿ ಗುಂಯ್.
ಕಾವಾಡಿ ಖಲಂದರ್ ಸಾಬರು ಬೀಡಿ ಆರಿಸಿದರು:
'ಬಂದ್ರು ನೋಡಮ್ಮ ನೆಂಟ್ರು. ಇವರಲ್ಲಿ ಮೂರು ಥರ.
ಉಂಡೆ ಕಟ್ಟಿ ಉರುಳಿಸ್ಕೊಂಡು ಊರು ಬಿಡೋರು.
ಇದ್ದಲ್ಲೇ ತೋಡಿ ಕೆಳಗೆ ಇಳಿಸ್ಕೊಳ್ಳೋರು.
ಅದರೊಳಗೇ ಸಂಸಾರ ಹೂಡಿ ಕೂರೋರು.
ನಮ್ಮ ಬಿಡಾರದಲ್ಲೂ ಅಷ್ಟೇ ಅನ್ನಿ.'
ನಾನು ಓದಿದ ಪ್ರಬಂಧದಲ್ಲಿ ಇದಕ್ಕೆ
ಹದಿನಾಲ್ಕು ಪುಟ, ಎರಡು ಕೋಷ್ಟಕ.

ನಮ್ಮದು ತೋಡುವವರ ಕುಲ.

ಗುರುತು ಹಚ್ಚುವ ಕೀಲಿ ಹೀಗೆ ಶುರು:
ತಲೆಯ ಮೇಲೆ ಕೊಂಬಿದೆಯೇ? ಏಳಕ್ಕೆ ಹೋಗಿ.
ಇಲ್ಲವೇ? ಹನ್ನೆರಡಕ್ಕೆ.
ಏಳು: ಕೊಂಬು ಹಿಂದಕ್ಕೆ ಬಾಗಿದೆಯೋ, ಬುಡದಲ್ಲಿ ಹಲ್ಲಿದೆಯೋ.
ಹನ್ನೆರಡು: ಬೆನ್ನಿನ ಕುಳಿ ದಟ್ಟವೋ, ವಿರಳವೋ.
ನಮ್ಮ ಕಡೆ ದಾರಿ ಹೇಳುವ ಹಾಗೆಯೇ:
ಮುಂದೆ ಮೋರಿ ಸಿಗುತ್ತೆ, ಎಡಕ್ಕೆ ಹೊರಳಿ,
ಇಲ್ಲೇ ಒಂದು ಕೂಗಳತೆ,
ಆಮೇಲೆ ಯಾರನ್ನಾದ್ರೂ ಕೇಳಿ.

ಆದರೆ ಒಂದೇ ತಾಯಿ ನೆಲದಡಿ ಕಟ್ಟಿಟ್ಟ ಬುತ್ತಿಯಲ್ಲಿ
ದೊಡ್ಡ ತುತ್ತು ಸಿಕ್ಕ ಗಂಡಿಗೆ ಕೊಂಬು,
ಸಣ್ಣ ತುತ್ತಿನವನಿಗೆ ಬೋಳುತಲೆ.
ಕೊಂಬಿನವನು ಬಿಲದ ಬಾಗಿಲು ಕಾಯುತ್ತಾನೆ.
ಬೋಳುತಲೆಯವನು ಪಕ್ಕದಿಂದ ಸುರಂಗ ಕೊರೆದು
ಸದ್ದಿಲ್ಲದೆ ಒಳಗೆ.
ಕೀಲಿಗೆ ಇದೆಲ್ಲ ಗೊತ್ತಿಲ್ಲ.
ಅಣ್ಣನನ್ನು ಏಳಕ್ಕೆ, ತಮ್ಮನನ್ನು ಹನ್ನೆರಡಕ್ಕೆ ಅಟ್ಟಿ
ಬೇರೆ ಬೇರೆ ಹೆಸರು ಕೊಟ್ಟುಬಿಡುತ್ತದೆ.
ಮೂರು ತಿಂಗಳು ನಾನೂ ಕೊಟ್ಟಿದ್ದೆ.
ಮೈತ್ರಾದೇವಿ ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ
'ಹೊಟ್ಟೆ ಬಿಚ್ಚಿ ನೋಡು, ಹಣೆ ನೋಡಬೇಡ' ಅಂದರು.

ಆಮೇಲೆ ನಕ್ಷೆ. ಜಿಲ್ಲೆಯ ಗೆರೆಯೊಳಗೆ ಕಪ್ಪು ಚುಕ್ಕಿ:
ಆಗುಂಬೆ, ಹುಲಿಕಲ್, ನಿಟ್ಟೂರು, ಕಾರ್ಗಲ್.
ಹಾಳೆಯನ್ನು ತುಸು ದೂರ ಹಿಡಿದರೆ
ಚುಕ್ಕಿಗಳೆಲ್ಲ ಸೇರಿ ಬಸ್ಸಿನ ರಸ್ತೆ.
ಒಂದು ಕಡೆ ಒತ್ತೊತ್ತಾಗಿ ಏಳು ಚುಕ್ಕಿ;
ಅಲ್ಲಿ ಪ್ರವಾಸಿ ಮಂದಿರವಿದೆ, ರಾತ್ರಿ ಊಟ ಸಿಗುತ್ತದೆ.
ಶರಾವತಿ ಹಿನ್ನೀರಿನಾಚೆ ಒಂದೂ ಇಲ್ಲ.
ಹುಳ ಇಲ್ಲವೆಂದಲ್ಲ.
ಆಗ ಸೇತುವೆ ಇರಲಿಲ್ಲ, ಕೊನೆಯ ಲಾಂಚು ಐದಕ್ಕೆ.
ಕೆಳಗೆ ನಾನೇ ಬರೆದಿದ್ದೇನೆ, 'ಹುಳುವಿನ ಹಂಚಿಕೆ'.
ಅದು ನಮ್ಮದು.

ಒಂದು ಮಾತ್ರ ಏಳಕ್ಕೂ ನಿಲ್ಲಲಿಲ್ಲ, ಹನ್ನೆರಡಕ್ಕೂ.
ಅಕ್ಕಿಕಾಳಿನಷ್ಟು ಮೈ, ಕತ್ತಿನಲ್ಲಿ ಹಸಿರು ಮಿಂಚು.
ಮೇಡಂ ಮೂರು ಸಲ ನೋಡಿದರು,
'ಗೊತ್ತಿಲ್ಲ' ಎಂಬ ಡಬ್ಬಿಗೆ ಹಾಕಿಸಿದರು.
ಅವರು ಅಷ್ಟು ಖುಷಿಯಾಗಿದ್ದು ನಾನು ಕಂಡಿದ್ದು ಅವತ್ತೇ.

ಉಗುರಗಲದ ಚೀಟಿ ಬರೆದೆ:
ಸಕ್ರೆಬೈಲು. ಮಾರ್ಚ್ ಹನ್ನೊಂದು. ಆನೆ ಲದ್ದಿ.
ಹಿಡಿದವರು...
ಅಲ್ಲಿ ಪೆನ್ನು ನಿಂತಿತು.
ಆ ಬೆಳಿಗ್ಗೆ ನಾನು ಗೇಟಿನ ಹತ್ತಿರ ನಿಂಬೆ ಸೋಡಾ ಕುಡಿಯುತ್ತಿದ್ದೆ.
'ಖಲಂದರ್' ಅಂತ ಬರೆದೆ, 'ಸಾಬರು' ಎಂಬುದಕ್ಕೆ ಜಾಗ ಸಾಲಲಿಲ್ಲ.
ಕಸ್ತೂರಿಯ ಹೆಸರು ಹಿಂಬದಿಗೆ.
ಸೂಜಿಯಲ್ಲಿ ಚೀಟಿ ತಿರುಗಿಸಿದವರಿಗೆ ಮಾತ್ರ ಕಾಣುತ್ತದೆ.